ಸಾಫ್ಟ್‌ಬಾಲ್ ಅಂಗಳದಲ್ಲಿ ಗಡಿಯಾರ

ಆಟಗಳಲ್ಲಿ ಎರಡು ಜಾತಿ. ಗಡಿಯಾರ ನೋಡಿ ಆಡುವಂಥವು ಒಂದು. ಲೆಕ್ಕ ತೀರುವ ತನಕ ಆಡುವಂಥವು ಇನ್ನೊಂದು. ಕಬಡ್ಡಿ, ಹಾಕಿ, ಫುಟ್‌ಬಾಲ್ ಮೊದಲನೆಯ ಜಾತಿಗೆ ಸೇರಿದವು. ಗೊತ್ತಾದ ನಿಮಿಷಗಳು ಕಳೆದುವೆಂದರೆ ಸೀಟಿ ಊದುತ್ತದೆ, ಆಟ ಮುಗಿಯುತ್ತದೆ. ನಮ್ಮ ಚಿಣ್ಣಿದಾಂಡು, ಅಮೆರಿಕದ ಬೇಸ್‌ಬಾಲ್, ಅದರ ತಂಗಿಯೆನ್ನಬಹುದಾದ ಸಾಫ್ಟ್‌ಬಾಲ್ ಎರಡನೆಯ ಜಾತಿಯವು. ಇಲ್ಲಿ ಎಣಿಸುವುದು ಔಟುಗಳನ್ನು, ನಿಮಿಷಗಳನ್ನಲ್ಲ. ಹೀಗಿರುವಲ್ಲಿ ಎರಡನೆಯ ಜಾತಿಯ ಆಟದ ಕೊರಳಿಗೆ ಮೊದಲನೆಯದರ ಗಡಿಯಾರವನ್ನು ಕಟ್ಟಿದರೆ ಏನಾದೀತು? ಅಮೆರಿಕದಲ್ಲಿ ಶನಿವಾರ ಭಾನುವಾರಗಳಂದು ನಡೆಯುವ ಮಕ್ಕಳ ಸಾಫ್ಟ್‌ಬಾಲ್ ಪಂದ್ಯಾವಳಿಗಳಲ್ಲಿ ಆಗಿರುವುದು ಇದೇ.

ದೂರದ ಈ ಆಟದ ಗೊಡವೆ ನಮಗೇಕೆ ಎಂದು ನೀವು ಕೇಳಬಹುದು. ಆದರೆ ಇಂದು ಎಷ್ಟೋ ಕನ್ನಡ ಮನೆಗಳ ಮೊಮ್ಮಕ್ಕಳು ಆ ದೇಶದಲ್ಲಿ ಬೆಳೆಯುತ್ತಿದ್ದಾರೆ. ಬೇಸಗೆಯಲ್ಲಿ ಅಲ್ಲಿಗೆ ಹೋದ ಅಜ್ಜ ಅಜ್ಜಿಯರು ಮೈದಾನದ ಅಂಚಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ಏನು ನಡೆಯುತ್ತಿದೆಯೆಂದು ತಿಳಿಯದೆ ಚಪ್ಪಾಳೆ ತಟ್ಟುವುದುಂಟು. ನಮ್ಮ ದೇಶದ ಶಾಲಾ ಕ್ರೀಡೆಗಳಲ್ಲಿಯೂ ಸಾಫ್ಟ್‌ಬಾಲ್ ಸೇರಿದೆ. ಆದುದರಿಂದ ಇದು ತೀರ ಪರರ ಮನೆಯ ಮಾತಲ್ಲ.

ಮೊದಲು ಆಟವನ್ನು ಎರಡು ಮಾತಿನಲ್ಲಿ ಹೇಳಿಬಿಡೋಣ. ಇದು ಹುಟ್ಟಿದ್ದು 1887ರಲ್ಲಿ, ಷಿಕಾಗೋ ನಗರದ ಒಂದು ದೋಣಿ ಕ್ಲಬ್ಬಿನೊಳಗೆ. ಫುಟ್‌ಬಾಲ್ ಪಂದ್ಯವೊಂದರ ಫಲಿತಾಂಶಕ್ಕಾಗಿ ಕಾಯುತ್ತಿದ್ದ ಗೆಳೆಯರಲ್ಲಿ ಒಬ್ಬ ಮುಷ್ಟಿಕಾಳಗದ ಕೈಗವಸನ್ನು ಎಸೆದ; ಇನ್ನೊಬ್ಬ ಅದನ್ನು ಕೋಲಿನಿಂದ ಹೊಡೆದ. ಜಾರ್ಜ್ ಹ್ಯಾನ್‌ಕಾಕ್ ಎಂಬವರು ಆ ಕೈಗವಸನ್ನೇ ದಾರದಿಂದ ಬಿಗಿದು ಚೆಂಡು ಮಾಡಿ, ನೆಲದ ಮೇಲೆ ಗೆರೆ ಎಳೆದರಂತೆ. ಹೆಸರು ಸಾಫ್ಟ್ ಎಂದಿದ್ದರೂ ಇಂದಿನ ಚೆಂಡು ಮೃದುವೇನೂ ಅಲ್ಲ, ತಗುಲಿದವರನ್ನು ಕೇಳಬೇಕು! ದೊಡ್ಡವರ ಚೆಂಡಿನ ಸುತ್ತಳತೆ 12 ಅಂಗುಲ, ಹತ್ತು ವರ್ಷದೊಳಗಿನ ಹುಡುಗಿಯರದು 11. ಪಿಚರ್, ಎಂದರೆ ಚೆಂಡೆಸೆಯುವಾಕೆ, ಕೈಯನ್ನು ಸೊಂಟದ ಕೆಳಗಿನಿಂದ ಬೀಸಿ ಎಸೆಯುತ್ತಾಳೆ. ದೊಡ್ಡ ಹೆಂಗಸರಲ್ಲಿ 43 ಅಡಿ ದೂರದಿಂದ, ಚಿಕ್ಕವರಲ್ಲಿ 35 ಅಡಿಯಿಂದ. ಮೂರು ಔಟುಗಳಾದರೆ ಒಂದು ತಂಡದ ಸರದಿ ಮುಗಿಯಿತು. ಎರಡೂ ತಂಡಗಳ ಸರದಿ ಮುಗಿದರೆ ಒಂದು ಇನಿಂಗ್. ಇಂಥ ಏಳು ಇನಿಂಗುಗಳಾದರೆ ಪೂರ್ಣ ಪಂದ್ಯ.

ಏಳು ಇನಿಂಗು ಎಷ್ಟು ಹೊತ್ತು? ಅದನ್ನು ಯಾರೂ ಮುಂಚಿತವಾಗಿ ಹೇಳಲಾರರು. ಪಳಗಿದ ಪಿಚರುಗಳಾದರೆ ಒಂದೂವರೆ ಗಂಟೆಯಲ್ಲಿ ಮುಗಿಸಿಯಾರು. ಒಂಬತ್ತು ವರ್ಷದ ಹುಡುಗಿ ಎಸೆಯುತ್ತಿದ್ದರೆ ಚೆಂಡು ಒಮ್ಮೆ ತಲೆಯ ಮೇಲೆ, ಒಮ್ಮೆ ಪಾದದ ಬಳಿ ಹೋಗುತ್ತದೆ. ನಾಲ್ಕು ತಪ್ಪೆಸೆತಗಳಾದರೆ ಬ್ಯಾಟು ಹಿಡಿದವಳು ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದುಹೋಗುತ್ತಾಳೆ. ಹೀಗೆ ಒಬ್ಬರ ಹಿಂದೊಬ್ಬರು ನಡೆದು ಅರ್ಧ ಇನಿಂಗೇ ಇಪ್ಪತ್ತು ನಿಮಿಷ ಹಿಡಿಯುವುದು ವಿಶೇಷವಲ್ಲ. ಇತ್ತ ಅದೇ ಮೈದಾನದಲ್ಲಿ ಆ ದಿನ ಇನ್ನೂ ಐದಾರು ಪಂದ್ಯಗಳು ನಡೆಯಬೇಕು. ನೂರಾರು ಮೈಲಿ ಕಾರು ಓಡಿಸಿಕೊಂಡು ಬಂದ ಕುಟುಂಬಗಳು ಮರದ ನೆರಳಿನಲ್ಲಿ ಕಾದಿವೆ. ಬೆಳಗಿನ ಎಂಟು ಗಂಟೆಯ ಪಂದ್ಯ ಒಂದು ಗಂಟೆ ತಡವಾದರೆ ಸಂಜೆಯ ಪಂದ್ಯ ರಾತ್ರಿಗೆ ಬೀಳುತ್ತದೆ. ಗಡಿಯಾರ ಬಂದುದು ಇದಕ್ಕಾಗಿ. ಅದನ್ನು ತಂದವರನ್ನು ಬಯ್ಯುವುದು ಸಲ್ಲದು.

ಆದರೆ ಗಡಿಯಾರವನ್ನು ಹೇಗೆ ಕಟ್ಟಿದರು ಎಂಬುದರಲ್ಲಿದೆ ಎಲ್ಲ ತೊಡಕು. ಬಳಕೆಯಲ್ಲಿರುವ ಕ್ರಮಗಳು ಮುಖ್ಯವಾಗಿ ಎರಡು. ಒಂದರ ಪ್ರಕಾರ, 75 ನಿಮಿಷವಾದ ಮೇಲೆ ಹೊಸ ಇನಿಂಗನ್ನು ಆರಂಭಿಸಕೂಡದು, ನಡೆಯುತ್ತಿರುವುದನ್ನು ಮುಗಿಸಬಹುದು. ನಿಮಿಷಗಳ ಸಂಖ್ಯೆ ಪಂದ್ಯಾವಳಿಯಿಂದ ಪಂದ್ಯಾವಳಿಗೆ ಬದಲಾಗುತ್ತದೆ, ತತ್ತ್ವ ಅದೇ. ಇನ್ನೊಂದರ ಪ್ರಕಾರ, ವೇಳೆ ಮುಗಿದ ಕ್ಷಣವೇ ಆಟ ನಿಂತುಹೋಗಬೇಕು, ಯಾರು ಎಲ್ಲಿದ್ದರೂ ಸರಿ. ಇದನ್ನು ಅಲ್ಲಿ 'ಡ್ರಾಪ್ ಡೆಡ್' ಎನ್ನುತ್ತಾರೆ. ಹೆಸರಿನಷ್ಟೇ ಕಠೋರ ನಿಯಮವೂ ಹೌದು. ಅರ್ಧಕ್ಕೆ ನಿಂತ ಇನಿಂಗನ್ನು ಬಿಟ್ಟು, ಪೂರ್ಣವಾದ ಹಿಂದಿನ ಇನಿಂಗಿನ ಲೆಕ್ಕವನ್ನೇ ಹಿಡಿಯುವುದು ಇದರಲ್ಲಿ ಸಾಮಾನ್ಯವಾದ ಪದ್ಧತಿ. (ಇದರಲ್ಲಿಯೂ ಊರಿಗೊಂದು ಪಾಠಾಂತರವುಂಟು.)

ಒಂದು ಲೆಕ್ಕ ಹಾಕಿ ನೋಡೋಣ. ಕೆಂಪು ಅಂಗಿಯ ತಂಡ ಮೊದಲು ಬ್ಯಾಟು ಹಿಡಿಯುತ್ತದೆ, ನೀಲಿ ಅಂಗಿಯದು ಆಮೇಲೆ. ನಾಲ್ಕು ಇನಿಂಗು ಮುಗಿದಾಗ ನೀಲಿಯವರದು 4 ರನ್, ಕೆಂಪಿನವರದು 3. ಐದನೆಯದರಲ್ಲಿ ಕೆಂಪಿನ ಹುಡುಗಿಯರು ಚೆನ್ನಾಗಿ ಹೊಡೆದು ಮೂರು ರನ್ ಸೇರಿಸಿ 6-4ರಿಂದ ಮುಂದಾದರು. ಈಗ ನೀಲಿಯವರ ಸರದಿ. ಗಡಿಯಾರದಲ್ಲಿ ಉಳಿದಿರುವುದು ನಾಲ್ಕು ನಿಮಿಷ. 'ಡ್ರಾಪ್ ಡೆಡ್' ನಿಯಮವಿದ್ದಲ್ಲಿ ನೀಲಿಯವರು ರನ್ ಮಾಡಲೇಬೇಕಾಗಿಲ್ಲ. ನಾಲ್ಕು ನಿಮಿಷ ಮೂರು ಔಟಾಗದೆ ನಿಂತರೆ ಸಾಕು. ಐದನೆಯ ಇನಿಂಗೇ ಅಳಿಸಿಹೋಗಿ ಅವರು 4-3ರಿಂದ ಗೆಲ್ಲುತ್ತಾರೆ. ಆಗ ನೋಡಬೇಕು: ಒಬ್ಬಳ ಶೂ ದಾರ ಬಿಚ್ಚುತ್ತದೆ, ಮತ್ತೊಬ್ಬಳಿಗೆ ಹೆಲ್ಮೆಟ್ ಸರಿಹೋಗುವುದಿಲ್ಲ, ಕೋಚ್ ಮಹಾಶಯರಿಗೆ ಬ್ಯಾಟರಿನ ಕಿವಿಯಲ್ಲಿ ಹೇಳಬೇಕಾದ ಗುಟ್ಟೊಂದು ನೆನಪಾಗುತ್ತದೆ. ಎದುರಿಗೆ ಕೆಂಪಿನ ಪಿಚರ್ ಆತುರಪಟ್ಟು ಎಸೆದು ಗುರಿ ತಪ್ಪುತ್ತಾಳೆ. ಅವಳ ಗೆಳತಿಯರು ಬೆವರು ಸುರಿಸಿ ಗಳಿಸಿದ ಮೂರು ರನ್ನು ಪುಸ್ತಕದಿಂದಲೇ ಮಾಯ.

ಮೊದಲ ಕ್ರಮದಲ್ಲಿ ಇಷ್ಟು ಅನ್ಯಾಯವಿಲ್ಲ, ಎರಡು ತಂಡಗಳಿಗೂ ಸರಿಸಮನಾದ ಸರದಿಗಳು ದೊರೆಯುತ್ತವೆ. ಆದರೆ ಅಲ್ಲಿಯೂ ಸಂದುಗಳುಂಟು. ನೀಲಿಯವರು 5-4ರಿಂದ ಮುಂದಿದ್ದು ನಾಲ್ಕನೆಯ ಇನಿಂಗಿನಲ್ಲಿ ಬ್ಯಾಟು ಮಾಡುತ್ತಿದ್ದಾರೆ, 71ನೆಯ ನಿಮಿಷ ಎನ್ನೋಣ. ಬೇಗ ಔಟಾದರೆ ಐದನೆಯ ಇನಿಂಗು ತೆರೆದು ಎದುರಾಳಿಗೆ ಇನ್ನೊಂದು ಅವಕಾಶ ಸಿಕ್ಕುತ್ತದೆ. ಆದ್ದರಿಂದ ಎಳೆಯಬೇಕು. ನೀಲಿಯವರೇ 2-6ರಿಂದ ಹಿಂದಿದ್ದರೆ ವ್ಯವಹಾರ ತಿರುಗುಮುರುಗು. ಎರಡು ಔಟಾಗಿವೆ, 73ನೆಯ ನಿಮಿಷ. ಈ ಇನಿಂಗಿನಲ್ಲಿ ನಾಲ್ಕು ರನ್ ಬರುವ ಆಸೆಯಿಲ್ಲ, ಹೊಸದೊಂದು ತೆರೆದರೆ ಆಸೆಯುಂಟು. ಸಾಫ್ಟ್‌ಬಾಲಿನಲ್ಲಿ ಪಿಚರಿನ ಕೈಯಿಂದ ಚೆಂಡು ಬಿಡುವ ಮೊದಲು ಓಟಗಾತಿ ಬೇಸನ್ನು ಬಿಟ್ಟರೆ ಅವಳು ಔಟು. ಕೋಚ್ ಕಣ್ಣುಸನ್ನೆ ಮಾಡುತ್ತಾರೆ. ಹುಡುಗಿ ಬೇಕೆಂದೇ ಬೇಗ ಹೊರಟು ಔಟಾಗುತ್ತಾಳೆ. ಇದನ್ನು ಕಂಡ ಕೆಂಪಿನವರು ಸುಮ್ಮನಿರುತ್ತಾರೆಯೆ? ಅವರ ಪಿಚರ್ ಚೆಂಡನ್ನು ಕೈಯಲ್ಲೇ ಹಿಡಿದು ನಿಲ್ಲುತ್ತಾಳೆ. ಔಟಾಗಬೇಕೆನ್ನುವ ಬ್ಯಾಟಿಂಗ್ ತಂಡ, ಔಟು ಮಾಡಲೊಲ್ಲದ ಎದುರಾಳಿ! ನೋಡುವವರಿಗೆ ನಗೆಪಾಟಲು. ಆದರೆ ಆ ಹತ್ತು ವರ್ಷದ ಹುಡುಗಿಯ ಗತಿಯನ್ನು ಯೋಚಿಸಿ. ಚೆಂಡು ಬಿಡುವ ಮುನ್ನ ಕಾಲು ಕದಲಿಸಬಾರದೆಂದು ಎರಡು ವರ್ಷ ಅವಳಿಗೆ ಕಲಿಸಿದವರೇ ಇಂದು ಕದಲಿಸು ಎನ್ನುತ್ತಿದ್ದಾರೆ.

ಗಡಿಯಾರದ್ದಲ್ಲದಿದ್ದರೂ ಇದೇ ಬಳ್ಳಿಯ ಕಾಯಿಯೊಂದು 2015ರ ಆಗಸ್ಟ್ ತಿಂಗಳಲ್ಲಿ ಆರಿಗನ್ ಸಂಸ್ಥಾನದ ಪೋರ್ಟ್‌ಲೆಂಡಿನಲ್ಲಿ ಕಂಡಿತು. ಲಿಟಲ್ ಲೀಗ್ ಸಂಸ್ಥೆಯ ಸಾಫ್ಟ್‌ಬಾಲ್ ವಿಶ್ವ ಸರಣಿ; ಆಡುವವರು ಚಿಕ್ಕ ಹುಡುಗಿಯರು. ವಾಷಿಂಗ್ಟನ್ ಸಂಸ್ಥಾನದ ತಂಡಕ್ಕೆ ಮುಂದಿನ ಸುತ್ತು ಆಗಲೇ ಖಚಿತವಾಗಿತ್ತು. ಕೊನೆಯ ಗುಂಪು ಪಂದ್ಯದಲ್ಲಿ ಅದು ತನ್ನ ಮುಖ್ಯ ಆಟಗಾರ್ತಿಯರನ್ನು ಕೂರಿಸಿ, ಬ್ಯಾಟು ಬೀಸದೆ ಚೆಂಡನ್ನು ಬರಿದೆ ತಡೆಯುತ್ತ, ಉತ್ತರ ಕೆರೊಲೈನದ ತಂಡಕ್ಕೆ 8-0ರಿಂದ ಸೋತಿತು. ಸಮಬಲವಾದಾಗ ಯಾರನ್ನು ಮುಂದೆ ಕಳಿಸಬೇಕೆಂಬ ರನ್ನಿನ ಲೆಕ್ಕದ ನಿಯಮದಿಂದ, ಆ ಸೋಲಿನ ಫಲವಾಗಿ ಅಯೋವದ ತಂಡ ಹೊರಬೀಳುವಂತಾಯಿತು. ಅಯೋವದವರು ದೂರಿತ್ತರು. ಸಂಸ್ಥೆ ವಿಚಾರಿಸಿ, ಅಯೋವಕ್ಕೂ ವಾಷಿಂಗ್ಟನ್ನಿಗೂ ಒಂದು ನಿರ್ಣಾಯಕ ಪಂದ್ಯ ಆಡಿಸಿತು. ಅಯೋವ 3-2ರಿಂದ ಗೆದ್ದಿತು. ವಾಷಿಂಗ್ಟನ್ನಿನ ಹುಡುಗಿಯರು ಅತ್ತರೆ ಅದು ಅವರ ತಪ್ಪಿಗಲ್ಲ. ಸೋತರೆ ಲಾಭವೆನ್ನುವ ಲೆಕ್ಕ ಹಾಕಿದವರು ದೊಡ್ಡವರು. ಅಂಥ ಲೆಕ್ಕಕ್ಕೆ ಎಡೆಗೊಟ್ಟದ್ದು ನಿಯಮ.

ಇನ್ನು ಅಂಪೈರರ ಮಾತು. ಬೇಕೆಂದು ಆಟವನ್ನು ತಡಮಾಡುವ ಅಥವಾ ಅವಸರಪಡಿಸುವ ತಂಡಕ್ಕೆ ಪಂದ್ಯವನ್ನೇ ಸೋಲೆಂದು ಘೋಷಿಸುವ ಅಧಿಕಾರ ಅಮೆರಿಕದ ಸಾಫ್ಟ್‌ಬಾಲ್ ನಿಯಮಗಳಲ್ಲಿ ಅಂಪೈರಿಗೆ ಉಂಟು. ಹಾಗೆ ಬಿಟ್ಟುಕೊಟ್ಟ ಪಂದ್ಯದ ಲೆಕ್ಕ 7-0. ಆದರೆ ಇದು ಸೊಳ್ಳೆ ಹೊಡೆಯಲು ಒನಕೆ ಎತ್ತಿದಂತೆ. ಶೂ ದಾರ ತಾನಾಗಿ ಬಿಚ್ಚಿತೋ ಬಿಚ್ಚಿಸಿದರೋ ಎಂದು ತೀರ್ಮಾನಿಸಿ ಹನ್ನೆರಡು ಮಕ್ಕಳನ್ನು ಮನೆಗೆ ಕಳುಹಿಸುವ ಎದೆ ಎಷ್ಟು ಜನಕ್ಕಿದೆ? ಮನಸ್ಸಿನ ಒಳಗನ್ನು ಅಳೆಯುವ ಕೆಲಸ ಅಂಪೈರಿಗೆ ಬೇಡ. ಅವನ ಕೈಗೆ ಸಂಖ್ಯೆಗಳನ್ನು ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಕ್ರಿಕೆಟ್ ಬಲ್ಲ ನಿಮಗೆ ಇದು ಹೊಸದಲ್ಲ. 1967ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ವಾರಿಕ್‌ಶೈರಿನವರಿಗೆ ಗೆಲ್ಲಲು 142 ರನ್ ಬೇಕಾಗಿತ್ತು. ಯಾರ್ಕ್‌ಶೈರಿನ ನಾಯಕ ಬ್ರಯನ್ ಕ್ಲೋಸ್ ಕೊನೆಯ ಕಾಲು ಗಂಟೆಯಲ್ಲಿ ಎರಡೇ ಓವರು ಹಾಕಿಸಿ ಪಂದ್ಯವನ್ನು ಡ್ರಾ ಮಾಡಿಕೊಂಡರು. ಪರಿಣಾಮವಾಗಿ ಅವರು ಇಂಗ್ಲೆಂಡ್ ತಂಡದ ನಾಯಕತ್ವವನ್ನೇ ಕಳೆದುಕೊಂಡರು; ಪಂದ್ಯವೇನೋ ಡ್ರಾ ಆಗಿಯೇ ಉಳಿಯಿತು. 2023ರ ನವೆಂಬರ್ 6ರಂದು ದೆಹಲಿಯಲ್ಲಿ ಶ್ರೀಲಂಕಾದ ಆಂಜೆಲೊ ಮ್ಯಾಥ್ಯೂಸ್ ಎರಡು ನಿಮಿಷದೊಳಗೆ ಚೆಂಡೆದುರಿಸಲು ಸಿದ್ಧರಾಗಲಿಲ್ಲವೆಂದು ಔಟಾದಾಗ ಎಷ್ಟು ಗಲಾಟೆಯಾಯಿತೆಂಬುದು ನಿಮಗೆ ನೆನಪಿರಬಹುದು. ಬಾಂಗ್ಲಾದೇಶದ ನಾಯಕ ಹಾಗೆ ಕೇಳಬಹುದಾಗಿತ್ತೆ ಎಂದು ಜನ ಜಗಳವಾಡಿದರು. ಅಂಪೈರರಿಗೆ ಮಾತ್ರ ನಿಯಮದಲ್ಲಿ ಒಂದು ಸಂಖ್ಯೆಯಿತ್ತು. ಅದನ್ನು ಹಿಡಿದು ಅವರು ನಡೆದರು.

ಸಾಫ್ಟ್‌ಬಾಲಿನಲ್ಲಿಯೂ ಅಂಥ ಸಂಖ್ಯೆಗಳು ಉಂಟು, ಬಳಸಬೇಕಷ್ಟೆ. ಚೆಂಡು ಕೈಗೆ ಬಂದ ಮೇಲೆ ಪಿಚರ್ 20 ಸೆಕೆಂಡಿನೊಳಗೆ ಎಸೆಯಬೇಕು. ಅಂಪೈರ್ ಕರೆದ ಮೇಲೆ ಬ್ಯಾಟರ್ 10 ಸೆಕೆಂಡಿನಲ್ಲಿ ತನ್ನ ಜಾಗಕ್ಕೆ ಬರಬೇಕು; ಬಾರದಿದ್ದರೆ ಅವಳ ಮೇಲೆ ಒಂದು ಸ್ಟ್ರೈಕ್. ಕೋಚ್ ಬಂದು ಕಿವಿಮಾತು ಹೇಳುವುದಕ್ಕೂ ಎಣಿಕೆಯುಂಟು. ಇವನ್ನು ಕೊನೆಯ ಐದು ನಿಮಿಷದಲ್ಲಿ ಥಟ್ಟನೆ ಹೊರತೆಗೆದರೆ ಪಕ್ಷಪಾತದಂತೆ ಕಾಣುತ್ತದೆ. ಮೊದಲ ಎಸೆತದಿಂದಲೇ ಜಾರಿಯಲ್ಲಿಟ್ಟರೆ ಯಾರೂ ದೂರಲಾರರು. ಇನ್ನೊಂದು ಸಣ್ಣ ನಿಯಮ ದೊಡ್ಡ ಜಗಳವನ್ನು ತಪ್ಪಿಸಿದೆ: ಮೂರನೆಯ ಔಟಾದ ಕ್ಷಣವೇ ಮುಂದಿನ ಇನಿಂಗು ಆರಂಭವಾದಂತೆ ಎಂಬುದು. ಇದಿಲ್ಲದಿದ್ದರೆ ಆಟಗಾರ್ತಿಯರು ಅಂಗಳ ಬಿಟ್ಟು, ನೀರು ಕುಡಿದು, ಮೆಲ್ಲನೆ ಹೊರಬರುವಷ್ಟರಲ್ಲಿ ವೇಳೆ ಮುಗಿದಿರುತ್ತದೆ.

ಅಂಪೈರನ ಅವಸರವೂ ಒಂದುಂಟು, ಇದನ್ನು ಹೆಚ್ಚಿನವರು ಹೇಳುವುದಿಲ್ಲ. ಅವನಿಗೆ ಸಂಬಳ ಸಾಮಾನ್ಯವಾಗಿ ಪಂದ್ಯಕ್ಕಿಷ್ಟು ಎಂದು, ಗಂಟೆಗಲ್ಲ. ಬಿಸಿಲಿನಲ್ಲಿ ಮುಖಕವಚ ತೊಟ್ಟು ನಾಲ್ಕನೆಯ ಪಂದ್ಯ ನಿಂತಿದ್ದಾನೆ. ಅಂಥವನಿಗೆ ಸ್ವಲ್ಪ ಹೊರಗೆ ಹೋದ ಚೆಂಡೂ ಸರಿಯಾಗಿಯೇ ಕಂಡರೆ ಆಶ್ಚರ್ಯವೇನು? ಆದ್ದರಿಂದಲೇ ಬೇಗ ಮುಗಿಸುವ ಕೆಲಸವನ್ನು ಅವನ ಕಣ್ಣಿಗೆ ಬಿಡದೆ ನಿಯಮವೇ ಮಾಡಬೇಕು. ಅದಕ್ಕೆ ಸಾಧನಗಳಿವೆ. ಎಳೆಯರ ಪಂದ್ಯಗಳಲ್ಲಿ ಒಂದು ಸರದಿಗೆ ಐದು ರನ್ನಿಗಿಂತ ಹೆಚ್ಚು ಬೇಡವೆಂಬ ಮಿತಿ ಒಂದು. ಅಂತರ ತೀರ ಹೆಚ್ಚಾದರೆ ಆಟ ನಿಲ್ಲಿಸುವ ದಯೆಯ ನಿಯಮ ಇನ್ನೊಂದು. ದೊಡ್ಡವರಿಗೂ ಅದು ತಪ್ಪಿದ್ದಲ್ಲ: 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನ ಮೊದಲ ಸ್ಪರ್ಧೆಯಲ್ಲಿ ಜಪಾನ್ ಹೆಂಗಸರು ಆಸ್ಟ್ರೇಲಿಯವನ್ನು 8-1ರಿಂದ ಸೋಲಿಸಿದಾಗ ಐದನೆಯ ಇನಿಂಗಿನಲ್ಲಿಯೇ ಪಂದ್ಯ ನಿಂತಿತು. ಸಮನಾದಲ್ಲಿ ಎರಡನೆಯ ಬೇಸಿನ ಮೇಲೆ ಒಬ್ಬಳನ್ನು ನಿಲ್ಲಿಸಿ ಇನಿಂಗು ಆರಂಭಿಸುವ ಕ್ರಮವೂ ಇದೆ.

ಈ ಮಾತುಗಳಲ್ಲಿ ನಿಮಗೆ ಉಪಯೋಗಕ್ಕೆ ಬರುವುದು ಯಾವುದು? ಮೊಮ್ಮಗಳ ಪಂದ್ಯಕ್ಕೆ ಹೋದರೆ, ಅಥವಾ ನಿಮ್ಮ ಊರಿನ ಶಾಲೆಯಲ್ಲಿ ಪಂದ್ಯಾವಳಿ ನಡೆಸುವ ಹೊಣೆ ನಿಮ್ಮ ಮೇಲೆ ಬಿದ್ದರೆ, ಆಟ ತೊಡಗುವ ಮೊದಲೇ ಕೇಳಬೇಕಾದುದನ್ನು ಕೇಳಿ. ಗಡಿಯಾರ ಆರಂಭವಾಗುವುದು ನಾಣ್ಯ ಚಿಮ್ಮಿದಾಗಲೋ, ಮೊದಲ ಎಸೆತಕ್ಕೋ? ಯಾರಿಗಾದರೂ ಪೆಟ್ಟಾದರೆ ನಿಲ್ಲುತ್ತದೆಯೋ ಇಲ್ಲವೋ? ವೇಳೆ ಮುಗಿದಾಗ ಇನಿಂಗು ಪೂರ್ಣವಾಗುತ್ತದೆಯೋ, ಕಡಿಯುತ್ತದೆಯೋ? ಆಟದ ನಡುವೆ ಅಂಪೈರ್ ನಿಯಮವನ್ನೇ ತಪ್ಪಾಗಿ ಹಿಡಿದರೆ ಕೋಚ್ ಮುಂದಿನ ಎಸೆತಕ್ಕೆ ಮೊದಲೇ ಆಕ್ಷೇಪಿಸಬಹುದು. ಚೆಂಡು ಒಳಗಿತ್ತೇ ಹೊರಗಿತ್ತೇ ಎಂಬ ಅವನ ಕಣ್ಣಿನ ತೀರ್ಪಿಗೆ ಮಾತ್ರ ಆಕ್ಷೇಪಣೆಯಿಲ್ಲ. ಕುರ್ಚಿಯಿಂದೆದ್ದು ಕೂಗಿ ಫಲವೂ ಇಲ್ಲ.

ವೇಳೆಯ ಮಿತಿಯನ್ನು ಗುಂಪು ಪಂದ್ಯಗಳಿಗೆ ಮಾತ್ರ ಇಟ್ಟು, ಅಂತಿಮ ಪಂದ್ಯವನ್ನು ಏಳು ಇನಿಂಗು ಪೂರ್ತಿ ಆಡಿಸುವ ಪಂದ್ಯಾವಳಿಗಳೂ ಇವೆ. ಉಳಿದೆಡೆ ಒಳ್ಳೆಯ ಅಂಪೈರನ ರೂಢಿ ಇದು: ಮೊದಲ ಎಸೆತಕ್ಕೆ ಮುನ್ನ ಎರಡು ಕೋಚುಗಳನ್ನೂ ಹತ್ತಿರಕ್ಕೆ ಕರೆದು, ತನ್ನ ಕೈಗಡಿಯಾರವನ್ನು ತೋರಿಸಿ, ಆರಂಭದ ವೇಳೆಯನ್ನು ಗಟ್ಟಿಯಾಗಿ ಹೇಳುತ್ತಾನೆ. ಲೆಕ್ಕ ಬರೆಯುವವರು ಅದನ್ನು ಪುಸ್ತಕದ ತಲೆಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಆ ಅಂಗಳದಲ್ಲಿ ಲೆಕ್ಕಕ್ಕೆ ಬರುವ ಗಡಿಯಾರ ಅದೊಂದೇ.