ಹಗಲು ಹಗೆ, ರಾತ್ರಿ ಒಂದೇ ಗೂಡು

ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರೊಬ್ಬರ ಪ್ರಶ್ನೆ: "ಹಿತ್ತಲ ಬೇಲಿಯಲ್ಲಿ ಬಾಲ ನಿಮಿರಿಸಿಕೊಂಡು ಓಡಾಡುವ ಕಂದು ಹಕ್ಕಿಗಳು ಜಾಗಕ್ಕಾಗಿ ಸದಾ ಕಚ್ಚಾಡುತ್ತವೆ. ಹಿಮ ಬಿದ್ದ ಸಂಜೆ ಮಾತ್ರ ಒಂದರ ಹಿಂದೊಂದು ಒಂದೇ ಗೂಡುಪೆಟ್ಟಿಗೆಗೆ ನುಗ್ಗಿದವು. ಏನಿದು?"

ಇದು ರೆನ್. ಉದ್ದ ಹತ್ತು ಸೆಂಟಿಮೀಟರ್, ತೂಕ ಹತ್ತು ಗ್ರಾಂ ಆಸುಪಾಸು. ಮೈತುಂಬ ಸಣ್ಣ ಪಟ್ಟೆ, ಕಣ್ಣ ಮೇಲೆ ಮಾಸಲು ಹುಬ್ಬು. ಎಂಬತ್ತಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬದಲ್ಲಿ ಅಮೆರಿಕ ಖಂಡಗಳ ಆಚೆ ಬಾಳುತ್ತಿರುವುದು ಇದೊಂದೇ. ಕರ್ನಾಟಕದಲ್ಲಿಲ್ಲ, ಹಿಮಾಲಯ ಹತ್ತಬೇಕು. ಅಲ್ಲಿ ಬಂಡೆಸಂದಿಯಿಂದ 'ಟಿಕ್ ಟಿಕ್' ಬೈಗುಳ ಕೇಳಿ ಹುಡುಕಿದಾಗ ನನಗೆ ಕಂಡದ್ದು ಇಲಿಯಂತೆ ಸುಳಿದ ನೆರಳಷ್ಟೇ. ಹಾಡೋ, ಆ ಗಾತ್ರಕ್ಕೆ ನಂಬಲಾಗದಷ್ಟು ಜೋರು! ಹೆಣ್ಣಿಗೆ ಅದು ಕರೆ, ಉಳಿದ ಗಂಡುಗಳಿಗೆ 'ಇತ್ತ ಕಾಲಿಟ್ಟೀಯೆ ಜೋಕೆ' ಎಂಬ ತಾಕೀತು.

ಚಳಿ ಈ ಹಠವನ್ನು ಮುರಿಯುತ್ತದೆ. ದೇಹ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು, ಬಿಸಿ ಸೋರುವುದೂ ಹೆಚ್ಚು. ಒತ್ತಿ ಕೂತರೆ ಗಾಳಿಗೆ ತೆರೆದ ಮೈ ಕಡಿಮೆಯಾಗುತ್ತದೆ. ಅದಕ್ಕೇ ತಲೆ ಒಳಕ್ಕೆ, ಬಾಲ ಹೊರಕ್ಕೆ ಮಾಡಿ, ಪದರದ ಮೇಲೆ ಪದರವಾಗಿ ಮಲಗುತ್ತವೆ. 1969ರ ಚಳಿಗಾಲದಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನ ಒಂದೇ ಗೂಡುಪೆಟ್ಟಿಗೆಯಲ್ಲಿ 61 ರೆನ್‌ಗಳನ್ನು ಎಣಿಸಿದ್ದಾರೆ! ನಮ್ಮ ಹರಟೆಮಲ್ಲಗಳೂ ರಾತ್ರಿ ಕೊಂಬೆಯ ಮೇಲೆ ಒತ್ತೊತ್ತಾಗಿ ಕೂರುತ್ತವೆ, ಆದರೆ ಅವು ಹಗಲೂ ಒಂದೇ ಗುಂಪು. ರೆನ್‌ಗಳು ಬೆಳಗಾದರೆ ಮತ್ತೆ ಬದ್ಧವೈರಿಗಳು. ಇದನ್ನು 'ಹಕ್ಕಿಗಳ ಒಗ್ಗಟ್ಟು' ಎಂದು ನೀತಿಪಾಠ ಮಾಡುವವರಿಗೆ ಹೇಳುತ್ತೇನೆ: ಇಲ್ಲಿರುವುದು ಸ್ನೇಹವಲ್ಲ, ಶಾಖದ ಲೆಕ್ಕ. ಆ ಲೆಕ್ಕವೂ ಕೆಲವೊಮ್ಮೆ ಸಾಲದು. 1962-63ರ ಘೋರ ಚಳಿ ಬ್ರಿಟನ್ನಿನ ಮುಕ್ಕಾಲು ಪಾಲು ರೆನ್‌ಗಳನ್ನು ಕೊಂದಿತು.

ಚಳಿ ಸಾಲದೆಂದು ಮನುಷ್ಯರೂ ಕೈಜೋಡಿಸಿದ್ದರು. ಸಂತ ಸ್ಟೀಫನ್ನನ ಅಡಗುತಾಣವನ್ನು ಚಿಲಿಪಿಲಿಗುಟ್ಟಿ ತೋರಿಸಿಕೊಟ್ಟಿತೆಂಬ ಕಥೆ ಕಟ್ಟಿ, ಐರ್ಲೆಂಡಿನಲ್ಲಿ ಡಿಸೆಂಬರ್ 26ರಂದು ಇದನ್ನು ಬೇಟೆಯಾಡಿ ಮೆರವಣಿಗೆ ಮಾಡುತ್ತಿದ್ದರು. ಐಲ್ ಆಫ್ ಮ್ಯಾನ್ ದ್ವೀಪದ ನಾವಿಕರು ಇದರ ಗರಿಯಿದ್ದರೆ ಹಡಗು ಮುಳುಗದೆಂದು ನಂಬಿದ್ದರು. ಹತ್ತು ಗ್ರಾಂ ಹಕ್ಕಿಗೆ ಹಡಗು ಕಾಯುವ ಹೊಣೆ! ಹಾಲಕ್ಕಿ ನುಡಿಯಿತೆಂದರೆ ಬೆಚ್ಚುವ ನಾವು ನಗುವ ಹಾಗಿಲ್ಲ ಬಿಡಿ. ಈಗಿನ ಮೆರವಣಿಗೆಗಳಲ್ಲಿರುವುದು ಕೃತಕ ಹಕ್ಕಿ.

ಓದುಗರಿಗೆ ಒಂದು ಮಾತು: ರಾತ್ರಿ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಬೇಡಿ, ಬೆದರಿ ಹಾರಿದ ಹಕ್ಕಿಗೆ ಆ ಚಳಿಯಲ್ಲಿ ಬೇರೆ ತಾವು ಸಿಗದೆ ಹೋಗಬಹುದು. ಎಣಿಸುವ ಆಸೆಯಿದ್ದರೆ ಮುಸ್ಸಂಜೆ ದೂರ ನಿಂತು, ಅವು ಒಳಹೋಗುವಾಗಲೇ ಎಣಿಸಿ.