ಪಾಲಿಗೆ ಬಂದ ಹೊಲವೂ ಮುಪ್ಪಿನ ಆಸರೆಯೂ

ಯಜಮಾನನು ತೀರಿಕೊಂಡ ಮನೆಯಲ್ಲಿ ತಿಂಗಳೊಳಗಾಗಿ ಹೊಲದ ಮಾತು ಏಳುತ್ತದೆ. ಮುದುಕಿಯ ಹೆಸರಿಗೆ ಬರುವ ಪಾಲಿನಿಂದ ಆಕೆಗೆ ಸರಕಾರದ ನೆರವು ಉಳಿಯುವುದೋ ತಪ್ಪುವುದೋ ಎಂದು ಯಾರೂ ವಿಚಾರಿಸುವುದಿಲ್ಲ. ವಿಚಾರಿಸತಕ್ಕ ಕಾಲ ಅದೇ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಮೇರೆಗೆ, ಉಯಿಲು ಬರೆಯದೆ ತೀರಿದವನ ಸ್ವಾರ್ಜಿತ ಆಸ್ತಿಯಲ್ಲಿ ಹೆಂಡತಿಗೂ ಗಂಡು ಹೆಣ್ಣು ಮಕ್ಕಳಿಗೂ ಸಮಪಾಲು. ಗಂಡನು 24 ಎಕರೆ ಖುಷ್ಕಿ ಬಿಟ್ಟುಹೋಗಿ, ಹೆಂಡತಿಯೂ ಇಬ್ಬರು ಮಕ್ಕಳೂ ಮಾತ್ರ ವಾರಸುದಾರರಿದ್ದರೆ ಆಕೆಗೆ 8 ಎಕರೆ ಸಲ್ಲುವುದು. ತೆಲಂಗಾಣ ಸರಕಾರವು 2014ರಲ್ಲಿ ಆರಂಭಿಸಿದ ಆಸರಾ ಪಿಂಚಣಿಯ ನಿಯಮಗಳಲ್ಲಿ, 3 ಎಕರೆ ತರಿ ಅಥವಾ 7.5 ಎಕರೆ ಖುಷ್ಕಿಗೆ ಮೇಲ್ಪಟ್ಟ ಜಮೀನುಳ್ಳವರು ಅನರ್ಹರೆಂದು ಹೇಳಿದೆ. ಅರ್ಧ ಎಕರೆ ಹೆಚ್ಚಾದುದೇ ಅಡ್ಡಿಯಾಯಿತು! ತಾಂಡೂರಿನ ಆ ಹೊಲದಲ್ಲಿ ತೊಗರಿ ಬೆಳೆಯಿತೋ ಒಣಗಿತೋ, ಕಾಗದವು ಕೇಳುವುದಿಲ್ಲ.

ವೃದ್ಧಾಶ್ರಮದ ವಿಚಾರವೂ ಹೀಗೆಯೇ. ತಂದೆ ತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು 2007ರಲ್ಲಿ ಬಂದಿತು. ಜಿಲ್ಲೆಗೊಂದಾದರೂ ಆಶ್ರಮವನ್ನು, ಕನಿಷ್ಠ 150 ಮಂದಿಗೆ ಸ್ಥಳವಿರುವಂತೆ, ರಾಜ್ಯ ಸರಕಾರಗಳು ಹಂತಹಂತವಾಗಿ ಸ್ಥಾಪಿಸಬಹುದೆಂದು ಅದು ಹೇಳುತ್ತದೆ. ಆದರೆ ಅವು ನಿರ್ಗತಿಕರಿಗಾಗಿ. ಜೀವನೋಪಾಯಕ್ಕೆ ಸಾಲುವಷ್ಟು ಆಸ್ತಿಯುಳ್ಳವರಿಗಲ್ಲ.

“ಹಾಗಾದರೆ ಹೊಲವನ್ನು ಮಕ್ಕಳಿಗೆ ಬರೆದುಕೊಟ್ಟರಾಯಿತು” ಎನ್ನುವವರುಂಟು. ಬರೆದುಕೊಟ್ಟ ಮೇಲೆ ಮಕ್ಕಳು ಕೈಬಿಟ್ಟರೆ ಗತಿಯೇನು? ಇದಕ್ಕೆ ಅದೇ ಕಾಯಿದೆಯ 23ನೆಯ ಕಲಮು ಉತ್ತರ ಕೊಡುತ್ತದೆ. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ಕೊಟ್ಟು, ಪಡೆದವನು ಮಾತಿಗೆ ತಪ್ಪಿದರೆ, ಆ ದಾನವನ್ನು ರದ್ದುಪಡಿಸಲು ಬರುತ್ತದೆ. ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿತು. 2025ರ ಜನವರಿಯಲ್ಲಿ, ದಾನಪತ್ರದ ದಿನವೇ ಮಗನು ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದ ವಚನವನ್ನು ಪರಿಗಣಿಸಿ, ತಾಯಿಯ ಆಸ್ತಿಯನ್ನು ಅದೇ ನ್ಯಾಯಾಲಯವು ಮರಳಿ ಕೊಡಿಸಿತು. ಬಾಯಿಮಾತನ್ನು ನಂಬದೆ ದಾನಪತ್ರದಲ್ಲಿಯೇ ಷರತ್ತನ್ನು ಬರೆಸುವುದು ಯುಕ್ತ. ಮಗನ ಮೇಲೆ ಅಪನಂಬಿಕೆಯೆಂದು ತಾಯಂದಿರು ಸಂಕೋಚಪಡುತ್ತಾರೆ. ನೋಡಿಕೊಳ್ಳುವ ಮಗನಿಗೆ ಆ ಒಂದು ಸಾಲಿನಿಂದ ನಷ್ಟವೇನೂ ಇಲ್ಲ.

ಮಕ್ಕಳಿಲ್ಲದ ಹಿರಿಯರನ್ನು, ಅವರ ಆಸ್ತಿಗೆ ವಾರಸುದಾರರಾಗುವ ಅನುಕೂಲಸ್ಥ ಬಂಧುಗಳೇ ಪೋಷಿಸಬೇಕು. ಹಲವರಿದ್ದರೆ ಅವರವರ ಪಾಲಿನ ಪ್ರಮಾಣದಲ್ಲಿ.

ದೂರನ್ನು ಕಂದಾಯ ವಿಭಾಗಾಧಿಕಾರಿ, ಎಂದರೆ ಆರ್.ಡಿ.ಓ., ಅವರ ನ್ಯಾಯಮಂಡಳಿಗೆ ಕೊಡಬೇಕು. ಜಹೀರಾಬಾದು, ನಾರಾಯಣಖೇಡ, ತಾಂಡೂರು ಮೂರೂ ಕಂದಾಯ ವಿಭಾಗದ ಕೇಂದ್ರಗಳು, ವಕೀಲರನ್ನು ಹಿಡಿಯಬೇಕಾದುದಿಲ್ಲ.

ಇನ್ನೊಂದು ಮಾತು ವಿದ್ಯಾರ್ಥಿಗಳಿಗೆ. ನಮ್ಮ ಮನೆಗಳ ಅಜ್ಜಿಯರು ಆಡುವುದು ಕನ್ನಡ. ಇಲ್ಲಿಯ ಹೊಲದ ಕಾಗದಗಳಿರುವುದು ತೆಲುಗಿನಲ್ಲಿ. ನೀವು ಎರಡನ್ನೂ ಕಲಿತವರು. ಅಜ್ಜಿಯು ಹೆಬ್ಬೆಟ್ಟು ಒತ್ತುವ ಮೊದಲು, ಆ ಪತ್ರವನ್ನು ಪೂರ್ತಿ ಓದಿ ಆಕೆಗೆ ಕನ್ನಡದಲ್ಲಿ ಹೇಳಿರಿ.