ಸೂಜಿಯು ರೋಗಿಯ ಕೈಗೆ ಬಂದ ಬಗೆ

1921ರಲ್ಲಿ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಇನ್ಸುಲಿನ್ನನ್ನು ಬೇರ್ಪಡಿಸಿದ ವೃತ್ತಾಂತವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಆ ಔಷಧವನ್ನು ದಿನದಿನವೂ ತನ್ನ ದೇಹಕ್ಕೆ ತಾನೇ ಚುಚ್ಚಿಕೊಳ್ಳಬೇಕಾದವನ ವೃತ್ತಾಂತವೂ ಇತಿಹಾಸವೇ ಸರಿ. ಮೊದಮೊದಲು ಅವನಿಗೆ ಒದಗಿದ್ದು ಗಾಜಿನ ಪಿಚಕಾರಿ. ಅದನ್ನು ಕುದಿಸಬೇಕು, ಮೊಂಡಾದ ಸೂಜಿಯನ್ನು ಕಲ್ಲಿನ ಮೇಲೆ ಮಸೆಯಬೇಕು. ಇದನ್ನಾದರೂ ಸಹಿಸಬಹುದು. ಕೊಳವೆಯ ಮೇಲಿನ ಸಣ್ಣ ಗೆರೆಗಳನ್ನು ಓದುವುದೇ ನಿಜವಾದ ಕಷ್ಟ. ಏಕೆಂದರೆ ಮಧುಮೇಹವು ಕಾಲಕ್ರಮದಲ್ಲಿ ಕಣ್ಣಿನ ಅಕ್ಷಿಪಟವನ್ನೇ ಕೆಡಿಸಬಲ್ಲದು. ಹೀಗಾಗಿ, ಅಳತೆ ಮೀರಿದರೆ ಪ್ರಾಣಕ್ಕೇ ಅಪಾಯ ತರುವ ಮದ್ದನ್ನು ಕಣ್ಣು ಮಂಜಾದವನೇ ಅಳೆಯಬೇಕಾಯಿತು.

1981ರಲ್ಲಿ ಸ್ಕಾಟ್ಲೆಂಡಿನ ವೈದ್ಯೆ ಶೀಲಾ ರೀತ್ ಮತ್ತು ಅವರ ಸಹೋದ್ಯೋಗಿಗಳು ಜೇಬಿನಲ್ಲಿಟ್ಟುಕೊಳ್ಳಬಹುದಾದ ಉಪಕರಣವೊಂದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರ್ಣಿಸಿದರು. ಗುಂಡಿಯನ್ನು ಒಮ್ಮೆ ಒತ್ತಿದರೆ ಗೊತ್ತಾದ ಪ್ರಮಾಣದ ಮದ್ದು ಹೊರಬರುತ್ತಿತ್ತು. ಗೆರೆಗಳನ್ನು ನೋಡುವ ಕೆಲಸವು ಎಣಿಸುವ ಕೆಲಸವಾಯಿತು. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಪಲ್ಲಟ. 1985ರಲ್ಲಿ ಡೆನ್ಮಾರ್ಕಿನ ನೋವೋ ಸಂಸ್ಥೆಯು ಲೇಖನಿಯ ಆಕಾರದ ಸಾಧನವನ್ನು ಮಾರುಕಟ್ಟೆಗೆ ತಂದಿತು. ಇಂದಿನ ಲೇಖನಿಗಳಲ್ಲಿ ಅಳತೆಯ ಗುಂಡಿಯನ್ನು ತಿರುಗಿಸಿದಂತೆಲ್ಲ 'ಟಿಕ್' ಎಂಬ ಸದ್ದು ಕೇಳುತ್ತದೆ. ಆದರೆ ಸದ್ದನ್ನೆಣಿಸಿ ಅಳತೆ ಮಾಡಕೂಡದು, ದೃಷ್ಟಿ ಕುಂದಿದವರು ಬಲ್ಲವರ ನೆರವಿಲ್ಲದೆ ಬಳಸಕೂಡದು ಎಂಬ ಎಚ್ಚರಿಕೆಯು ಇಂತಹ ಲೇಖನಿಗಳ ಕೈಪಿಡಿಗಳಲ್ಲಿ ಅಚ್ಚಾಗಿರುತ್ತದೆ, ಅದೂ ಸಣ್ಣ ಅಕ್ಷರಗಳಲ್ಲಿ.